ಅಮ್ಮನ ಬಗ್ಗೆ ನಾಲ್ಕು ಪುಟ, ಏನಂತ ಬರೀಲಿ?

ಪ್ರಶ್ನೆ: ಜೂನ್‌ನಲ್ಲಿ ಅಮ್ಮನ ವರ್ಷಾಂತಿಕ. ಅವಳಿಗೆ 84 ಆಗಿತ್ತು. ಅವತ್ತು ಬಂದವರಿಗೆ ಹಂಚಲು ಅಣ್ಣ ನೆನಪಿನ ಪುಸ್ತಿಕೆ ಮಾಡಿಸುತ್ತಿದ್ದಾನೆ. ನಾಲ್ಕು ಪುಟ ನನ್ನ ಪಾಲಿಗೆ ಬಂದಿದೆ. ‘ತ್ಯಾಗಮಯಿ, ಅನ್ನಪೂರ್ಣೆ ಅಂತ ಚೆನ್ನಾಗಿ ಬರಿ’ ಎಂದಿದ್ದಾನೆ. ಸುಳ್ಳೇನಲ್ಲ. ಸಾಗರ ಕಡೆಯ ನಮ್ಮ ಕೂಡು ಕುಟುಂಬದಲ್ಲಿ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಮೂವತ್ತು ಜನಕ್ಕೆ ಬೇಯಿಸಿದವಳು ಅವಳು. ಆದರೆ ಅವಳಿಗೆ ಸಿಟ್ಟೂ ಇತ್ತು. ಮದುವೆಯಾದ ನಾಲ್ಕೇ ವರ್ಷಕ್ಕೆ, 1964ರಲ್ಲಿ, ಅವಳ ತವರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿತು. ಪರಿಹಾರದ ದುಡ್ಡಲ್ಲಿ ಅವಳಿಗೆ ಬಿಡಿಗಾಸೂ ಸಿಗಲಿಲ್ಲ. ಇದನ್ನು ಬರೆದರೆ ಸೋದರಮಾವನ ಮನೆಯವರಿಗೆ ಬೇಜಾರಾಗುತ್ತೆ ಅಂತಾನೆ ಅಣ್ಣ. ಬರೆಯದಿದ್ದರೆ ಅದು ಅಮ್ಮನ ಕಥೆಯೇ ಅಲ್ಲ ಅಂತ ನಾನು. ನೀರಿಳಿದಾಗ ಒಮ್ಮೆ ಆ ಜಾಗ ನೋಡಬೇಕು ಅಂತಿದ್ದಳು, ಹಿನ್ನೀರು ದಾಟಿಸುವ ಲಾಂಚಿನ ಗಲಾಟೆಯಲ್ಲಿ ಅದೂ ಆಗಲಿಲ್ಲ. ಟ್ರಂಕಿನಲ್ಲಿ ಅವಳ ಹಾಲಿನ ಲೆಕ್ಕದ ಪುಸ್ತಕಗಳು ಸಿಕ್ಕಿವೆ. ಬೇಸಿಗೆ ತಿಂಗಳ ಪುಟಗಳ ಅಂಚಲ್ಲಿ 1762, 1755, 1749 ಹೀಗೆ ಅಂಕಿ ಬರೆದಿದ್ದಾಳೆ. ಯಾವುದೋ ಸಾಲ ಇರಬೇಕು. ಯಾರಿಗೆ ತೀರಿಸೋದು ಅನ್ನೋ ಚಿಂತೆ ಬೇರೆ.
— ಒಬ್ಬ ಮಗಳು, ಶಿವಮೊಗ್ಗ

ಉತ್ತರ: ಮೊದಲು ಸಾಲದ ಚಿಂತೆ ಬಿಡಿ. ಅದು ರೂಪಾಯಿಯ ಲೆಕ್ಕ ಇರಲಾರದು. ಅಡಿ ಇರಬೇಕು.

ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಜಲಾಶಯಗಳ ಮಟ್ಟ ಪೇಪರಿನಲ್ಲಿ ಬರುತ್ತೆ, ನಾವೆಲ್ಲ ಪುಟ ಮಗುಚಿ ಮುಂದೆ ಹೋಗ್ತೀವಿ. ಬೇಸಿಗೆಯಲ್ಲಿ ಅದು ಇಳಿಯುತ್ತಾ ಬರುತ್ತೆ, ನಿಮ್ಮ ಅಮ್ಮ ಬರೆದ ಅಂಕಿಗಳ ಹಾಗೇ. ನೀರು ತೀರಾ ಇಳಿದರೆ ಅದರಲ್ಲೇ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತೆ, ಮರದ ಬೊಡ್ಡೆಗಳು ಕಾಣುತ್ತವೆ. ನನ್ನದು ಊಹೆ, ಒಂದೆರಡು ತಾರೀಕು ಹಿಡಿದು ಹಳೇ ಪೇಪರಿಗೆ ತಾಳೆ ನೋಡಿ. ಸರಿಯಾದರೆ, ಅಮ್ಮ ವರ್ಷವರ್ಷವೂ ಹಾಲಿನ ಲೆಕ್ಕದ ಪಕ್ಕದಲ್ಲೇ ತನ್ನ ತವರಿನ ಅಂಗಳ ಎಷ್ಟು ಕೆಳಗಿದೆ ಅಂತ ನೋಡಿಕೊಳ್ಳುತ್ತಿದ್ದಳು. ನಾಲ್ಕು ಪುಟದಲ್ಲಿ ಮೊದಲನೆಯದು ನಿಮಗೆ ಸಿಕ್ಕಿತು, ಅಲ್ವಾ?

ಪರಿಹಾರದ ವಿಷಯ ಖಂಡಿತ ಬರೆಯಿರಿ. ಆದರೆ ಮಾವನ ಮೇಲಿನ ದೂರಿನ ಹಾಗೆ ಬೇಡ. ಹೆಣ್ಣುಮಕ್ಕಳನ್ನು ಕೇಳುವ ರೂಢಿಯೇ ಆಗ ಇರಲಿಲ್ಲ. ನಮ್ಮ ರಾಜ್ಯದಲ್ಲಿ 1994ರಲ್ಲಿ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯೂ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಮದುವೆಯಾದ ಮಗಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಅಂತ ಆದದ್ದು 2005ರಲ್ಲಿ. ‘ದುಡ್ಡು ಬಂತು, ಅಮ್ಮನನ್ನು ಯಾರೂ ಕೇಳಲಿಲ್ಲ, ಅವಳಿಗೆ ಅದು ಕೊನೆವರೆಗೂ ನೋವಿತ್ತು’ ಅಂತ ಮೂರು ತುಂಡು ಮಾತು ಸಾಕು. ಅಚ್ಚಿಗೆ ಹೋಗುವ ಮೊದಲು ಮಾವನ ಮನೆಯವರಿಗೆ ಒಮ್ಮೆ ಓದಿ ಹೇಳಿ. ಊಟದ ಪಂಕ್ತಿಯಲ್ಲಿ ಕೂತು ಓದಿ ತಿಳಿಯೋದಕ್ಕಿಂತ ಅದು ವಾಸಿ. ಅವರ ಹತ್ತಿರವೂ ಹೇಳೋಕೆ ಏನೋ ಇರಬಹುದು.

‘ತ್ಯಾಗಮಯಿ’ ಪದ ಅಣ್ಣನ ಪುಟದಲ್ಲಿ ಇರಲಿ ಬಿಡಿ. ಅದಕ್ಕೆ ಜಗಳ ಬೇಡ. ಆದರೆ ಅವನಿಗೂ ಒಂದು ಕೆಲಸ ಕೊಡಿ: ಅವನೊಬ್ಬನೇ ಕಂಡ ಅಮ್ಮನ ಒಂದು ದಿನದ ಬಗ್ಗೆ ಬರೆಯಲಿ. ನಮ್ಮ ಅಜ್ಜಿ ಹೋದಾಗ ಪೇಪರಿಗೆ ಕೊಟ್ಟ ಶ್ರದ್ಧಾಂಜಲಿಯಲ್ಲಿ ‘ಮಮತಾಮಯಿ’ ಎರಡು ಸಲ ಬಂದಿತ್ತು, ಅವಳ ತವರೂರಿನ ಹೆಸರು ಒಂದು ಸಲವೂ ಇರಲಿಲ್ಲ. ಬರೆದುಕೊಟ್ಟವಳು ನಾನೇ.

ಅಡುಗೆಮನೆಯ ಕಥೆಗೆ ನಿಮ್ಮ ಚಿಕ್ಕಮ್ಮ, ದೊಡ್ಡಮ್ಮ ಯಾರಿದ್ದಾರೋ ಅವರನ್ನು ಕೇಳಿ. ಓರಗಿತ್ತಿಯರಿಗೆ ಗೊತ್ತಿರುವಷ್ಟು ಮಕ್ಕಳಿಗೆ ಗೊತ್ತಿರಲ್ಲ. ಅಪ್ಪೆಮಿಡಿಗೆ ಉಪ್ಪು ಯಾರು ಹಾಕಬೇಕು ಅಂತ ಎಷ್ಟು ದಿನ ಮಾತು ಬಿಟ್ಟಿದ್ದರು, ಮೂವತ್ತು ಜನ ಉಂಡೆದ್ದ ಮೇಲೆ ಅಮ್ಮನ ತಟ್ಟೆಗೆ ಏನು ಉಳಿಯುತ್ತಿತ್ತು, ಯಾವುದಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದಳು, ಎಲ್ಲ ಹೇಳ್ತಾರೆ. ಕಾಯಿಲೆ ಬಿದ್ದಾಗ ರಾತ್ರಿ ನಿಮ್ಮೊಬ್ಬರಿಗೇ ಹೇಳಿಕೊಂಡದ್ದೇನಾದರೂ ಇದ್ದರೆ ಮಾತ್ರ ಬರೆಯಬೇಡಿ. ಅಂಗಳದಲ್ಲಿ ನಾಲ್ಕು ಜನರ ಎದುರು ಆಡಿದ ಸಿಟ್ಟಿನ ಮಾತು ಬರೆಯಬಹುದು.

ಇನ್ನೊಂದು ಮಾತು. ಹೇಳಲೋ ಬೇಡವೋ ಅಂತ ಯೋಚಿಸಿದೆ. ನಿಮ್ಮ ಪತ್ರದಲ್ಲಿ ಅಣ್ಣ ಮತ್ತೆ ಮತ್ತೆ ಬರ್ತಾನೆ, ಲಾಂಚ್ ಒಂದೇ ಸಾಲಲ್ಲಿ ಮುಗಿಯುತ್ತೆ. ‘ಅದೂ ಆಗಲಿಲ್ಲ’ ಅಂತ ಬರೆದಿದ್ದೀರಿ, ಯಾರಿಂದ ಅಂತ ಬರೆದಿಲ್ಲ. ಅಣ್ಣನ ಮೇಲಿನ ಸಿಟ್ಟಲ್ಲಿ ಅರ್ಧ ಈ ಸಾಲಿನದೇ ಇರಬಹುದು. ನಾಲ್ಕನೇ ಪುಟ ಅದಕ್ಕೆ ಇಡಿ. ‘ನಾವು’ ಬೇಡ, ‘ನಾನು ಕರೆದುಕೊಂಡು ಹೋಗಲಿಲ್ಲ’ ಅಂತ ಬರೆಯಿರಿ. ಕಾರಣ ಇತ್ತು, ಗೊತ್ತು. ನೀರು ಇಳಿದಾಗಲೇ ನೋಡಬೇಕು, ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸ್ತಿರಲಿಲ್ಲ. ಮಂಡಿ ನೋವಿನ ಮುದುಕಿಯನ್ನು ನಡೆಸೋದು ಹೇಗೆ? ಆ ಕಾರಣವನ್ನೂ ಬರೆಯಿರಿ.

ಈಗ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದೆ, 2025ರ ಜುಲೈನಿಂದ. ಇದು ಏಪ್ರಿಲ್, ನೀರು ಇಳಿಯುತ್ತಿದೆ. ಪುಸ್ತಿಕೆ ಅಚ್ಚಿಗೆ ಕೊಡುವ ಮೊದಲು ಒಂದು ಭಾನುವಾರ ಅಣ್ಣನನ್ನೂ ಹೊರಡಿಸಿ. ಮಾವನ ಮನೆಯಲ್ಲಿ ಹಿರಿಯರು ಇದ್ದರೆ ಅವರನ್ನೂ ಕೂರಿಸಿಕೊಳ್ಳಿ, ಮನೆ ಯಾವ ದಿಕ್ಕಿಗಿತ್ತು ಅಂತ ತೋರಿಸಬಲ್ಲವರು ಅವರೇ. ಲೆಕ್ಕದ ಪುಸ್ತಕ ಕೈಯಲ್ಲಿರಲಿ. ಅವತ್ತಿನ ಪೇಪರೂ.