ವಾರ್ಫರಿನ್ ಇದ್ದರೆ ಡಾಂಗ್ ಕ್ವಾಯ್ ಬೇಡ

ಮುಟ್ಟು ನಿಲ್ಲುವ ಹೊತ್ತಿನ ರಾತ್ರಿ ಬೆವರಿಗೆ ಮೆಲ್ಬರ್ನಿನ ಚೀನೀ ವೈದ್ಯರು ಆಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆ, ಜೊತೆಗೆ ಡಾಂಗ್ ಕ್ವಾಯ್ ಬೇರಿನ ಮಾತ್ರೆ ಹೇಳಿದ್ದಾರೆ, ಹೃದಯದ ಕವಾಟ ಬದಲಿಸಿದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಕೂಡ ಇದೆ, ಶುರು ಮಾಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಆ ಮಾತ್ರೆ ಶುರು ಮಾಡಬೇಡಿ. ಡಾಂಗ್ ಕ್ವಾಯ್ ವಾರ್ಫರಿನ್ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಈಗಾಗಲೇ ನುಂಗಿದ್ದರೆ ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಅಷ್ಟಕ್ಕೂ 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 71 ಮಹಿಳೆಯರಲ್ಲಿ ಒಂದು ಗುಂಪು ಈ ಬೇರನ್ನಷ್ಟೇ, ಇನ್ನೊಂದು ಗುಂಪು ಹುಸಿ ಮಾತ್ರೆಯನ್ನು 24 ವಾರ ತೆಗೆದುಕೊಂಡಾಗ, ಬೇರಿನಿಂದ ಹೆಚ್ಚಿನ ಗುಣ ಕಾಣಲಿಲ್ಲ. ಚೀನೀ ಪದ್ಧತಿಯಲ್ಲಿ ಅದನ್ನು ಬೇರೆ ಗಿಡಮೂಲಿಕೆಗಳ ಜೊತೆ ಬೆರೆಸಿಯೇ ಕೊಡುತ್ತಾರೆ, ನಿಜ. ಆದರೆ ಬೆರೆಸಿದಷ್ಟೂ ನಿಮ್ಮ ವಾರ್ಫರಿನ್ ಲೆಕ್ಕ ಕೆಡುವ ಭಯ ಹೆಚ್ಚು.

ಸೂಜಿಯ ವಿಷಯ ಬೇರೆ. ಆಸ್ಟ್ರೇಲಿಯಾದಲ್ಲೇ 327 ಮಹಿಳೆಯರ ಮೇಲೆ ಪರೀಕ್ಷೆ ನಡೆದು 2016ರಲ್ಲಿ ಫಲಿತಾಂಶ ಬಂತು. ನಿಜವಾದ ಸೂಜಿ, ಚರ್ಮ ದಾಟದ ಹುಸಿ ಸೂಜಿ, ಎರಡೂ ಗುಂಪಿನಲ್ಲಿ ಮೈ ಬಿಸಿಯೇರುವುದು ಸುಮಾರು 40% ತಗ್ಗಿತು, ವ್ಯತ್ಯಾಸ ಇರಲಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಯಾರೋ ಕಾಳಜಿಯಿಂದ ಆರೈಕೆ ಮಾಡುವುದೇ ದೊಡ್ಡ ಉಪಕಾರ ಅಂತ ನನಗನ್ನಿಸುತ್ತದೆ. ಮನಸ್ಸಿದ್ದರೆ ಹೋಗಿ. ಆದರೆ ನೋಂದಾಯಿತ ವೈದ್ಯರ ಬಳಿಯೇ ಹೋಗಿ, ವಾರ್ಫರಿನ್ ಮತ್ತು ಕವಾಟದ ವಿಷಯ ಮೊದಲೇ ಹೇಳಿ. ಕಿವಿಯಲ್ಲಿ ದಿನಗಟ್ಟಲೆ ಬಿಡುವ ಸೂಜಿಗೆ ಮಾತ್ರ ಒಪ್ಪಬೇಡಿ, ಅದರಿಂದ ಕವಾಟಕ್ಕೆ ಸೋಂಕು ತಗಲುವ ಅಪಾಯವಿದೆ.

ನಿದ್ದೆಗೆಡಿಸುವ ಬೆವರಿಗೆ ಗ್ಯಾಬಪೆಂಟಿನ್ ಎಂಬ ಔಷಧಿ, ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇವೂ ಇವೆ, ನಿಮ್ಮ ಹೃದಯದ ಡಾಕ್ಟರನ್ನು ಕೇಳಿ ನೋಡಿ.