ಫ್ಯೂಸ್ ಹಾಕಿದ ಕೂಡಲೇ ಸುಟ್ಟುಹೋಗುವ ಕಾರ್ ಆಂಪನ್ನು ಮನೆಯಲ್ಲೇ ರಿಪೇರಿ ಮಾಡಬಹುದಾ?

ನಿಮ್ಮ ನಾಲ್ಕು ಚಾನಲ್ ಆಂಪ್‌ಗೆ (ಸ್ಪೀಕರ್‌ಗಳಿಗೆ ಸದ್ದು ಕೊಡುವ ಆಂಪ್ಲಿಫೈಯರ್) 30 ಆಂಪಿಯರ್ ಫ್ಯೂಸ್ ಹಾಕಿದ ಕ್ಷಣವೇ ಠಪ್ ಅಂತ ಹೋಗುತ್ತದೆ, ಅಂಗಡಿಯವರು ಹೊಸದು ತಗೊಳ್ಳಿ ಅಂದರು, ನಿಮ್ಮ ಹತ್ತಿರ ಮಲ್ಟಿಮೀಟರ್ ಮತ್ತು ಸೋಲ್ಡರಿಂಗ್ ಐರನ್ ಉಂಟು, ಸ್ವತಃ ಕೈಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ಸುಟ್ಟುಹೋದ ಮಾಸ್‌ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಒಂದು ಬಗೆಯ ಟ್ರಾನ್ಸಿಸ್ಟರ್) ಬದಲಿಸಿ ಸೀದಾ ಬ್ಯಾಟರಿಗೆ ಕೊಡಬೇಡಿ. ಅದನ್ನು ನಾನು ಮಾಡಿದ್ದೇನೆ.

ನಮ್ಮ ಮನೆ ಸುರತ್ಕಲ್ ಹತ್ತಿರ, ಸಮುದ್ರದ ಗಾಳಿ ಸೀದಾ ಮನೆಯೊಳಗೆ ಬರುತ್ತದೆ. ಆಂಪ್ ಇದ್ದದ್ದು ಪಕ್ಕದ ಸೀಟಿನ ಕೆಳಗೆ, ಮಳೆಗಾಲದಲ್ಲಿ ಅಮ್ಮ ಒದ್ದೆ ಕೊಡೆ ಇಡುವುದೂ ಸರಿಯಾಗಿ ಅಲ್ಲೇ. ಒಂದು ಜೂನ್‌ನಲ್ಲಿ ಹಾಡು ನಿಂತಿತು, ಫ್ಯೂಸ್ ಹೋಯಿತು. ಬಿಚ್ಚಿ ನೋಡಿದರೆ ಟ್ರಾನ್ಸಿಸ್ಟರ್ ಕಾಲುಗಳಿಗೆ ಪಾಚಿ ಹಿಡಿದ ಹಾಗೆ ಹಸಿರು, ಒಂದು ಮೂಲೆಯ ಕ್ಲ್ಯಾಂಪ್ ಸ್ಕ್ರೂ ತುಕ್ಕು ಹಿಡಿದು ಬೆರಳಲ್ಲೇ ಅಲ್ಲಾಡುತ್ತಿತ್ತು. ನಾನು ಅದನ್ನು ನೋಡಿಯೂ ಬಿಟ್ಟೆ. ಮಂಗಳೂರಿನ ಹಂಪನಕಟ್ಟೆಗೆ ಹೋಗಿ ನಾಲ್ಕು ಮಾಸ್‌ಫೆಟ್ ತಂದೆ, ರಾತ್ರಿ ಕೂತು ಹಾಕಿದೆ, ಬ್ಯಾಟರಿ ಕೊಟ್ಟೆ. ಚಟ್ ಅಂತ ಒಂದು ಸದ್ದು, ಆಮೇಲೆ ಆ ವಾಸನೆ. ನಾಲ್ಕೂ ಹೋದವು. ಉಡುಪಿಯಲ್ಲಿ ಬಸ್‌ಗಳ ಸೌಂಡ್ ಸಿಸ್ಟಮ್ ನೋಡಿಕೊಳ್ಳುವ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದರೆ ಅವರು ಆಂಪ್ ಮುಟ್ಟಲೇ ಇಲ್ಲ, "ಮಾರಾಯ್ರೇ, ಬಲ್ಬ್ ಹಾಕದೆ ಕನೆಕ್ಷನ್ ಕೊಟ್ಟದ್ದಾ?" ಅಂತ ಕೇಳಿದರು.

ಬಲ್ಬ್ ಅಂದರೆ ಬ್ರೇಕ್ ಲೈಟಿನ 12 ವೋಲ್ಟ್ 21 ವ್ಯಾಟ್ ಬಲ್ಬ್. ಬ್ಯಾಟರಿಯ ಪ್ಲಸ್ ಮತ್ತು ಆಂಪ್‌ನ ಪ್ಲಸ್ ನಡುವೆ ಅದನ್ನು ಸೀರೀಸ್‌ನಲ್ಲಿ ಹಾಕಿ. ಒಳಗೆ ಪೂರ್ತಿ ಶಾರ್ಟ್ ಇದ್ದರೂ ಸುಮಾರು ಎರಡು ಆಂಪಿಯರ್‌ಗಿಂತ ಜಾಸ್ತಿ ಹರಿಯುತ್ತಾ ಇರುವುದಿಲ್ಲ, ಬಲ್ಬ್ ಪ್ರಕಾಶವಾಗಿ ಉರಿಯುತ್ತದೆ, ಹೊಸ ಪಾರ್ಟು ಉಳಿಯುತ್ತದೆ. ಒಂದು ಕ್ಷಣ ಉರಿದು ಮಂದವಾದರೆ ಒಳಗೆ ಪೂರ್ತಿ ಶಾರ್ಟ್ ಇಲ್ಲ ಅಂತ ಅರ್ಥ. ಸ್ವಲ್ಪ ಕೆಂಪಗೆ ಉಳಿದರೂ ಹೆದರಬೇಡಿ, ಆಂಪ್ ಸುಮ್ನೆ ಕೂತಾಗಲೂ ಸ್ವಲ್ಪ ಕರೆಂಟ್ ಎಳೆಯುತ್ತದೆ. ಬ್ಯಾಟರಿಗೆ ಕಾರನ್ನೇ ಬಳಸಬೇಕಿಲ್ಲ, ಹಳೆಯ ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ಸಾಕು.

ಈಗ ನಿಮ್ಮದಕ್ಕೆ ಬರೋಣ. ರಿಮೋಟ್ ವೈರ್ (ಆಂಪನ್ನು ಆನ್ ಮಾಡಲು ಸ್ಟೀರಿಯೋದಿಂದ ಬರುವ ತಂತಿ) ಕೊಡುವ ಮೊದಲೇ ಫ್ಯೂಸ್ ಹೋಗುತ್ತಿದ್ದರೆ ಶಾರ್ಟ್ ಇರುವುದು 12 ವೋಲ್ಟ್ ಬರುವ ಕಡೆಯೇ. ಪ್ಲಸ್ ಮತ್ತು ಗ್ರೌಂಡ್ ನಡುವೆ ಒಂದು ದಪ್ಪ ಡಯೋಡ್ ಇರಬಹುದು, ಬ್ಯಾಟರಿ ಉಲ್ಟಾ ಕೊಟ್ಟರೆ ಸಾಯಲಿಕ್ಕೆಂದೇ ಹಾಕಿದ್ದು, ಮೊದಲು ಅದನ್ನು ನೋಡಿ. ಅದು ಸರಿ ಇದ್ದರೆ ಟೊರಾಯ್ಡ್, ಅಂದರೆ ಬಳೆಯಾಕಾರದ, ಟ್ರಾನ್ಸ್‌ಫಾರ್ಮರ್ ಪಕ್ಕದ ಮಾಸ್‌ಫೆಟ್‌ಗಳು. ಮಾಸ್‌ಫೆಟ್‌ಗೆ ಗೇಟ್, ಡ್ರೈನ್, ಸೋರ್ಸ್ ಅಂತ ಮೂರು ಕಾಲು. ಡ್ರೈನ್ ಮತ್ತು ಸೋರ್ಸ್ ನಡುವೆ ಮೀಟರ್ ಇಟ್ಟರೆ, ಒಂದು ಶಾರ್ಟ್ ಆಗಿದ್ದರೂ ಬೋರ್ಡಿನಲ್ಲಿ ಇರುವಷ್ಟು ಹೊತ್ತು ಎಲ್ಲವೂ ಕೂಗುತ್ತವೆ, ಯಾಕೆಂದರೆ ಆ ಟ್ರಾನ್ಸ್‌ಫಾರ್ಮರ್ ತಂತಿಗೆ ರೆಸಿಸ್ಟೆನ್ಸ್ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಎಲ್ಲ ಡ್ರೈನ್‌ಗಳೂ ಒಟ್ಟಿಗೆ ಸೇರಿದ ಹಾಗೆ. ಸತ್ತದ್ದು ಒಂದೇ ಇರಬಹುದು. ಬಿಚ್ಚಿಯೇ ನೋಡಬೇಕು. 25 ವ್ಯಾಟ್ ಐರನ್ ಇದಕ್ಕೆ ಸಾಲದು, ದಪ್ಪ ತಾಮ್ರ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. 60 ವ್ಯಾಟ್ ತಗೊಳ್ಳಿ.

ಎಲ್ಲ ಬಿಚ್ಚಿದ ಮೇಲೆ ಹೊಸದು ಹಾಕುವ ಅವಸರ ಬೇಡ. ಪ್ರತಿ ಗೇಟಿಗೆ ಹೋಗುವ ಸಣ್ಣ ರೆಸಿಸ್ಟರ್ ಅಳೆಯಿರಿ, ಸಾಮಾನ್ಯವಾಗಿ 47 ಅಥವಾ 100 ಓಮ್ ಇರುತ್ತದೆ, ಮಾಸ್‌ಫೆಟ್ ಸಿಡಿಯುವಾಗ ಇವೂ ಓಪನ್ ಆಗುತ್ತವೆ, ಅಂದರೆ ಒಳಗೆ ಕಡಿದುಹೋಗುತ್ತವೆ. ಆಮೇಲೆ ಖಾಲಿ ಬೋರ್ಡಿಗೆ ಬಲ್ಬ್ ಮೂಲಕ ಬ್ಯಾಟರಿ ಕೊಟ್ಟು ರಿಮೋಟ್‌ಗೂ 12 ವೋಲ್ಟ್ ಮುಟ್ಟಿಸಿ. ಹೆಚ್ಚಿನ ಬೋರ್ಡುಗಳಲ್ಲಿ ಮಾಸ್‌ಫೆಟ್‌ಗಳಿಗೆ ಆನ್-ಆಫ್ ಸಿಗ್ನಲ್ ಕೊಡುವ ಟಿಎಲ್ 494 ಐಸಿ ಇರುತ್ತದೆ. ಅದರ 14ನೇ ಕಾಲಿನಲ್ಲಿ 5 ವೋಲ್ಟ್ ಬರಬೇಕು. ಗೇಟ್ ಜಾಗಗಳಲ್ಲಿ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಇರಬೇಕು, 12ರ ಅರ್ಧದ ಹತ್ತಿರ ಅಥವಾ ಸ್ವಲ್ಪ ಕೆಳಗೆ. ಒಂದು ಬದಿ ಸೊನ್ನೆಯಲ್ಲೋ 12ರ ಹತ್ತಿರವೋ ಅಂಟಿಕೊಂಡಿದ್ದರೆ ಡ್ರೈವರ್ ಟ್ರಾನ್ಸಿಸ್ಟರ್ ಅಥವಾ ಐಸಿಯೇ ಹೋಗಿದೆ.

ಇನ್ನು ಸ್ಪೀಕರ್‌ಗೆ ಕರೆಂಟ್ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು. ನಾನು ಎಡವಿದ್ದು ಇಲ್ಲೇ. ನನ್ನ ಆಂಪ್‌ನಲ್ಲಿ ಆ ತುಕ್ಕು ಹಿಡಿದ ಸ್ಕ್ರೂ ಸಡಿಲವಾಗಿ ಒಂದು ಟ್ರಾನ್ಸಿಸ್ಟರ್ ಹೀಟ್ ಸಿಂಕಿಗೆ (ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ತಾಗುತ್ತಲೇ ಇರಲಿಲ್ಲ, ಬಿಸಿಯಾಗಿ ಶಾರ್ಟ್ ಆಯಿತು, ಆ ಭಾರ ಎಳೆಯಲಾಗದೆ ಮಾಸ್‌ಫೆಟ್ ಹೋಯಿತು. ಮೂಲ ಅಲ್ಲೇ ಬಿಟ್ಟು ನಾನು ಮಾಸ್‌ಫೆಟ್ ಬದಲಿಸಿದ್ದೆ. ಪ್ರತಿ ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಕಲೆಕ್ಟರ್, ಎಮಿಟರ್ ಕಾಲುಗಳ ನಡುವೆ ಬಜರ್ ಇಟ್ಟು ನೋಡಿ, ಪಕ್ಕದ ಬಿಳಿ ಸೆರಾಮಿಕ್ ರೆಸಿಸ್ಟರ್‌ಗಳನ್ನೂ ಅಳೆಯಿರಿ. ಸತ್ತದ್ದನ್ನು ಜೋಡಿಯಾಗಿಯೇ ಬದಲಿಸಿ, ಟ್ರಾನ್ಸಿಸ್ಟರ್ ಮತ್ತು ಹೀಟ್ ಸಿಂಕಿನ ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಹರಿದಿದ್ದರೆ ಅದನ್ನು ಮತ್ತೆ ಹಾಕಬೇಡಿ.

ಅಂಗಡಿಯಲ್ಲಿ ಐಆರ್‌ಎಫ್‌ಝಡ್ 44 ಎನ್ ಮಾಸ್‌ಫೆಟ್ ಕೇಳಿದರೆ "3205 ಹಾಕಿ, ಜಾಸ್ತಿ ಆಂಪಿಯರ್" ಅಂತಾರೆ. 49ರ ಬದಲು 110 ಆಂಪಿಯರ್ ಅನ್ನುವುದು ನಿಜ, ಎರಡೂ 55 ವೋಲ್ಟಿನವೇ. ಆದರೆ 3205ರ ಗೇಟ್ ತುಂಬಲಿಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಚಾರ್ಜ್ ಬೇಕು, ಸಣ್ಣ ಡ್ರೈವರ್ ಇರುವ ಬೋರ್ಡಿನಲ್ಲಿ ಅದು ನಿಧಾನವಾಗಿ ಆನ್ ಆಗಿ ಬಿಸಿಯಾಗುತ್ತದೆ. ಮೊದಲು ಇದ್ದ ನಂಬರನ್ನೇ ಹಾಕಿ, ಎಲ್ಲವೂ ಒಂದೇ ಲಾಟಿನವು ಇರಲಿ, ಹಳೆಯದು ಹೊಸದು ಬೆರೆಸಬೇಡಿ. ನಕಲಿ ಮಾಲು ಬೇಕಾದಷ್ಟು ಉಂಟು, ಅದರಲ್ಲಿ ನಾನೂ ದುಡ್ಡು ಕಳೆದುಕೊಂಡಿದ್ದೇನೆ.

ಹೀಟ್ ಸಿಂಕ್ ಪೇಸ್ಟ್ ಹಚ್ಚಿ ಎಲ್ಲ ಕ್ಲ್ಯಾಂಪ್ ಬಿಗಿ ಮಾಡದೆ ಆನ್ ಮಾಡಬೇಡಿ, ಒಂದು ನಿಮಿಷಕ್ಕೂ ಬೇಡ. ಬಲ್ಬ್ ಮಂದವಾದ ಮೇಲೆ ಸ್ಪೀಕರ್ ಜೋಡಿಸದೆ ಪ್ರತಿ ಔಟ್‌ಪುಟ್‌ನ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ನಾಲ್ಕೈದು ವೋಲ್ಟ್ ಕಂಡರೆ ಸ್ಪೀಕರ್ ಹಾಕಬೇಡಿ, ಕಾಯಿಲ್ ಸುಡುತ್ತದೆ. ಎಲ್ಲ ಸರಿ ಬಂದರೆ ಮಾತ್ರ ಬಲ್ಬ್ ತೆಗೆದು ಹತ್ತು ಆಂಪಿಯರ್ ಫ್ಯೂಸಿನಲ್ಲಿ ಸಣ್ಣ ವಾಲ್ಯೂಮಿನಲ್ಲಿ ಹಾಡು ಹಾಕಿ.

ಬೋರ್ಡಿನ ತಾಮ್ರವೇ ಕರಿದಾಗಿ ಎದ್ದುಬಂದಿದ್ದರೆ, ಅಥವಾ ಇದು ಅಂಗೈ ಅಗಲದ ಕ್ಲಾಸ್ ಡಿ ಆಂಪ್ ಆಗಿದ್ದರೆ ಅಂಗಡಿಯವರು ಹೇಳಿದ್ದೇ ಸರಿ, ಬಿಟ್ಟುಬಿಡಿ. ಬಿಡುವ ಮೊದಲು ಸ್ಕ್ರೂಗಳನ್ನು ಮಾತ್ರ ತೆಗೆದಿಡಿ, ಅವು ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ನನ್ನದು ಆಮೇಲೆ ಸರಿಯಾಯಿತು, ಈಗ ಡಿಕ್ಕಿಯಲ್ಲಿ ಪ್ಲೈವುಡ್ ತುಂಡಿನ ಮೇಲೆ ಎತ್ತರದಲ್ಲಿದೆ. ಕೊಡೆ ಇನ್ನೂ ಸೀಟಿನ ಕೆಳಗೇ.