ಪೈಪ್ ಮೊದ್ಲು, ಟಿವಿ ಆಮೇಲೆ

ಪ್ರಶ್ನೆ: ನಮಸ್ಕಾರ ಸಾರ್, ನಮ್ದು ಆಲ್ದೂರು ಹತ್ರ ಇಳಿಜಾರಲ್ಲಿರೋ ಮನೆ. ರಸ್ತೆಯಿಂದ ನೋಡಿದ್ರೆ ಒಂದೇ ಅಂತಸ್ತು, ಕೆಳಗಡೆ ದಿಬ್ಬಕ್ಕೆ ಒತ್ತಿಕೊಂಡು 22ಕ್ಕೆ 14 ಅಡಿ ಸೆಲ್ಲಾರ್ ಇದೆ, ಇಷ್ಟು ದಿನ ಕಾಫಿ ಮೂಟೆ, ಗೊಬ್ಬರ ಇಡ್ತಿದ್ವಿ. ಈಗ ಮಕ್ಕಳು ಅಲ್ಲೊಂದು ಹೋಮ್ ಥಿಯೇಟರ್ ಮಾಡ್ಸಿ ಅಂತ ಹಟ ಹಿಡಿದಿದಾರೆ. ಗಾರೆಯವ್ರು ಮುಂದಿನ ವಾರ ಪ್ಲಾಸ್ಟರಿಂಗ್ ಶುರು ಮಾಡ್ತೀವಿ ಅಂತಿದಾರೆ, ಎಲೆಕ್ಟ್ರಿಷಿಯನ್ ಕೇಳಿದ್ರೆ "ಟಿವಿಗೆ ಒಂದು ಪಾಯಿಂಟ್ ಸಾಕು ಬಿಡಿ" ಅಂತಾನೆ. ಟಿವಿನಾ ಪ್ರೊಜೆಕ್ಟರಾ ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ. ಯಾವ್ಯಾವ ವೈರ್ ಎಳೆಸ್ಬೇಕು?
— ಓದುಗರು, ಆಲ್ದೂರು

ಉತ್ತರ: ಗಾರೆಯವ್ರನ್ನ ಒಂದು ವಾರ ತಡೀರಿ ಸಾರ್, ಮೊದ್ಲು ಅದು. ಕಾಫಿ ಮೂಟೆ ಇಡ್ತಿದ್ರಿ ಅಂದ್ರೆ ಥಂಡಿ ಯಾವ ಗೋಡೇಲಿ ಬರುತ್ತೆ ಅಂತ ನಿಮಗೇ ಗೊತ್ತಿರುತ್ತೆ, ಆರಿದ್ರ ಮಳೇಲಿ ಯಾವ ಮೂಲೆಯ ಮೂಟೆ ಬೂಷ್ಟು ಹಿಡೀತಿತ್ತು ನೆನಪು ಮಾಡ್ಕೊಳಿ. ದಿಬ್ಬದ ಕಡೆ ಗೋಡೆಯನ್ನ ವೈರಿಂಗಿಗೆ ಅಂತ ಕೊರೆಯೋಕೆ ಬಿಡ್ಲೇಬೇಡಿ, ವಾಟರ್‌ಪ್ರೂಫಿಂಗ್ ಹಾಳಾಗುತ್ತೆ, ಆಮೇಲೆ ಆ ಪೈಪೇ ನೀರಿಗೆ ದಾರಿ. ಎಲ್ಲಾ ಪೈಪೂ ಸೀಲಿಂಗ್ ಮೇಲೆ ಇಲ್ಲಾ ಒಳಗಿನ ಗೋಡೇಲಿ ಬರ್ಲಿ.

ಇನ್ನು ನಿಮ್ಮ ಪ್ರಶ್ನೆಗೆ ನನ್ನ ಉತ್ತರ ನಿಮಗೆ ವಿಚಿತ್ರ ಅನ್ನಿಸ್ಬಹುದು, ವೈರ್ ಬಗ್ಗೆ ಈಗ್ಲೇ ಅಷ್ಟು ತಲೆ ಕೆಡಿಸ್ಕೋಬೇಡಿ, ಪೈಪ್ ಬಗ್ಗೆ ಕೆಡಿಸ್ಕೊಳಿ. ನಮ್ಮನೇಲಿ 2012ರಲ್ಲಿ ಒಳ್ಳೇದು ಅಂತ ದುಬಾರಿ ಎಚ್‌ಡಿಎಂಐ ಕೇಬಲ್ (ಚಿತ್ರ, ಧ್ವನಿ ಎರಡನ್ನೂ ಟಿವಿಗೆ ಒಯ್ಯೋ ವೈರ್) ತಂದು ನೇರ ಗಾರೆ ಒಳಗೇ ಹೂತ್ವಿ, ಮರುವರ್ಷವೇ ಎಚ್‌ಡಿಎಂಐದು ಹೊಸ ಆವೃತ್ತಿ 2.0 ಬಂತು, 2017ರಲ್ಲಿ 2.1 ಬಂತು, ಸಾಗಿಸೋ ಮಾಹಿತಿ ಸೆಕೆಂಡಿಗೆ 18 ಗಿಗಾಬಿಟ್ ಇದ್ದಿದ್ದು 48ಕ್ಕೆ ಹೋಯ್ತು, ನಮ್ಮ ಕೇಬಲ್ ಮಾತ್ರ ಗೋಡೆ ಒಳಗೆ ಹಾಯಾಗಿ ಮಲಗಿತ್ತು. 4ಕೆ ಟಿವಿ ತಂದ ದಿನ ಗೋಡೆ ಒಡೆಸಿದ್ದೂ ಆಯ್ತು, ಮನೆಯವಳ ಹತ್ರ ಮಾತು ಕೇಳಿದ್ದೂ ಆಯ್ತು.

ಅದಕ್ಕೇ ಹೇಳೋದು, ಆಂಪ್ಲಿಫೈರ್ (ಸ್ಪೀಕರ್‌ಗಳನ್ನ ನಡೆಸೋ ಪೆಟ್ಟಿಗೆ) ಇಡೋ ಜಾಗದಿಂದ ಟಿವಿ ಜಾಗಕ್ಕೊಂದು, ಸೀಲಿಂಗಲ್ಲಿ ಪ್ರೊಜೆಕ್ಟರ್ ಜಾಗಕ್ಕೊಂದು ದಪ್ಪ ಪೈಪ್ ಹಾಕ್ಸಿ. ಲೈಟಿಗೆ ಹಾಕೋ 20 ಎಂಎಂ ಪೈಪಲ್ಲಿ ಎಚ್‌ಡಿಎಂಐ ತಲೆ ತೂರಲ್ಲ, 40 ಎಂಎಂ ಇರ್ಲಿ, ಮೂಲೇಲಿ ಗಟ್ಟಿ ಎಲ್ಬೋ ಬೇಡ, ಉದ್ದ ಬೆಂಡ್ ಹಾಕ್ಸಿ, ಮುಂದೆ ಕೇಬಲ್ ಕಟ್ಟಿ ಎಳೆಯೋಕೆ ಒಳಗೊಂದು ಗಟ್ಟಿ ನೈಲಾನ್ ದಾರ ಎಳೆದು ಬಿಟ್ಟಿರ್ಲಿ. ಟಿವಿನಾ ಪ್ರೊಜೆಕ್ಟರಾ ಜಗಳ ಆಮೇಲೆ ಆರಾಮಾಗಿ ಆಡ್ಕೋಬಹುದು. 100 ಇಂಚಿನ ಪರದೆಗೆ ಮಾಮೂಲಿ ಪ್ರೊಜೆಕ್ಟರ್ ಹೆಚ್ಚುಕಮ್ಮಿ 9ರಿಂದ 11 ಅಡಿ ಹಿಂದೆ ಇರ್ಬೇಕು, ಮಾಡೆಲ್ ಮೇಲೆ ಬದಲಾಗುತ್ತೆ, ಸೀಲಿಂಗ್ ಪಾಯಿಂಟ್ ಆ ಸುತ್ತಲಲ್ಲಿ ಇರ್ಲಿ. ಗೋಡೆ ಹತ್ತಿ ಸೀಲಿಂಗ್ ಸುತ್ತಿ ಹೋಗೋಷ್ಟರಲ್ಲಿ ಕೇಬಲ್ ಉದ್ದ 10 ಮೀಟರ್ ದಾಟುತ್ತೆ, ಮಾಮೂಲಿ ತಾಮ್ರದ ಎಚ್‌ಡಿಎಂಐಲಿ 4ಕೆ 5 ಮೀಟರ್ ಆಚೆ ನಂಬೋ ಹಾಗಿಲ್ಲ, ಫೈಬರ್ ಎಚ್‌ಡಿಎಂಐ (ತಾಮ್ರದ ಬದ್ಲು ಬೆಳಕಲ್ಲಿ ಸಿಗ್ನಲ್ ಒಯ್ಯೋ ಕೇಬಲ್) ತಗೊಳಿ. ಅದಕ್ಕೆ ಹಿಂದುಮುಂದು ಇದೆ, ಉಲ್ಟಾ ಎಳೆದ್ರೆ ಚಿತ್ರ ಬರಲ್ಲ, ಎಳೆಯೋಕೆ ಮುಂಚೆ ತುದಿ ಮೇಲೆ ಬರೆದಿರೋದು ನೋಡಿ.

ಸ್ಪೀಕರ್ ವೈರ್ ಮಾತ್ರ ಈಗ್ಲೇ ಎಳೆಸ್ಬಹುದು, ಅದು ಹಳೇದಾಗೋ ಸಾಮಾನಲ್ಲ. ಈ ರೂಮಿಗೆ 16 ಗೇಜ್ ಸಾಕು, ಹಿಂದಿನ ಸ್ಪೀಕರಿಗೆ ಬೇಕಾದ್ರೆ 14 (ಗೇಜ್ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ). ಐದು ಸ್ಪೀಕರ್, ಒಂದು ಸಬ್‌ವೂಫರ್ (ಧಂ ಧಂ ಅನ್ನೋ ಕೆಳಸ್ವರದ ಸ್ಪೀಕರ್) ಅಂದ್ಕೊಳಿ, ಹಿಂದಿನ ಎರಡು ನಿಮ್ಮ ಬೆನ್ನ ಹಿಂದೆ ಅಲ್ಲ, ಸೋಫಾದ ಪಕ್ಕಕ್ಕೆ ಸ್ವಲ್ಪ ಹಿಂದೆ, ಕಿವಿಗಿಂತ ಚೂರು ಮೇಲೆ. ಮೇಲಿಂದ ಮಳೆ ಸುರಿಯೋ ಶಬ್ದ ಬೇಕು ಅಂದ್ರೆ ಸೀಲಿಂಗಿಗೂ ನಾಲ್ಕು ವೈರ್ (ನಿಮ್ಮೂರಲ್ಲಿ ಆ ಶಬ್ದ ಪುಕ್ಕಟೆ ಸಿಗುತ್ತೆ, ಅದು ಬೇರೆ ಮಾತು). ಕೊಳ್ಳುವಾಗ ತುದಿ ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಬೇಡ. ಪೈಪ್ ಒಳಗೆ ಎಲ್ಲೂ ಜಾಯಿಂಟ್ ಬೇಡ, ಮಲೆನಾಡ ಥಂಡಿಗೆ ತಾಮ್ರ ಹಸಿರಾಗುತ್ತೆ.

ವೈಫೈ ನಂಬ್ಕೊಂಡು ಕೂರ್ಬೇಡಿ, ಕಾಂಕ್ರೀಟ್ ತಾರಸಿ ದಾಟಿ ಕೆಳಗೆ ಬರೋಷ್ಟರಲ್ಲಿ ಅದಕ್ಕೆ ಸುಸ್ತು. ಮೇಲಿನ ರೌಟರಿಂದ ಎರಡು ಕ್ಯಾಟ್ 6 (ಇಂಟರ್ನೆಟ್ ವೈರ್) ಇಳಿಸಿ.

ಕರೆಂಟ್ ವಿಷ್ಯ ಎಲೆಕ್ಟ್ರಿಷಿಯನ್‌ಗೇ ಬಿಡಿ, ಆದ್ರೆ ಮೂರು ಮಾತು ಕಡ್ಡಾಯ ಹೇಳಿ. ಆಂಪ್ಲಿಫೈರ್, ಟಿವಿ, ಪ್ರೊಜೆಕ್ಟರ್ ಎಲ್ಲಾ ಒಂದೇ ಸರ್ಕ್ಯೂಟಿಂದ ಬರ್ಲಿ, ಬೇರೆ ಬೇರೆ ಅರ್ತಿಂಗ್ ಆದ್ರೆ ಸ್ಪೀಕರಲ್ಲಿ ಗುಂಯ್ ಅನ್ನುತ್ತೆ. ಕರೆಂಟ್ ಪೈಪಿಗೂ ಸಿಗ್ನಲ್ ಪೈಪಿಗೂ ಒಂದಡಿ ಅಂತರ ಇರ್ಲಿ, ದಾಟಲೇಬೇಕಾದ್ರೆ ಅಡ್ಡಡ್ಡ ದಾಟ್ಲಿ. ಬೋರ್ಡಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ ಸ್ವಿಚ್) ಜೊತೆಗೆ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರೋ ವೋಲ್ಟೇಜ್ ತಡೆಯೋ ಸಾಧನ) ಹಾಕ್ಲಿ. ಹಾಗಂತ ರೋಹಿಣಿ ಮಳೆ ಗುಡುಗಿಗೆ ಅದೊಂದನ್ನೇ ನಂಬ್ಬೇಡಿ, ಪ್ಲಗ್ ಜೊತೆ ಡಿಶ್ ಕೇಬಲ್ಲೂ ಕೀಳಿ. ಡಿಶ್ ಕೇಬಲ್ ಒಳಗೆ ಬರೋ ಪೈಪ್ ಹೊರಗಡೆಗೆ ಇಳಿಜಾರಿರ್ಲಿ, ಇಲ್ಲಾಂದ್ರೆ ಮಳೆ ನೀರೂ ಸಿನಿಮಾ ನೋಡೋಕೆ ಬರುತ್ತೆ. ಸಾಕೆಟ್‌ಗಳು ನೆಲದಿಂದ ಒಂದೂವರೆ ಅಡಿ ಮೇಲಿರ್ಲಿ.

ಎಲ್ಲಾ ಆದ್ಮೇಲೆ, ಗಾರೆ ಬಳಿಯೋಕೆ ಮುಂಚೆ, ಅಳತೆ ಟೇಪ್ ಹಿಡಿದು ನಾಲ್ಕೂ ಗೋಡೆ ಫೋಟೋ ಹೊಡ್ಕೊಳಿ. ಮುಂದೆ ಮೊಳೆ ಹೊಡೆಯುವಾಗ ನೆನೆಸ್ಕೋತೀರಿ.

ಪ್ರಶ್ನೆ: ನಮ್ದು ಇದೇ ಕಥೆ, ಆದ್ರೆ ಪ್ಲಾಸ್ಟರಿಂಗ್, ಪೇಂಟ್ ಎಲ್ಲಾ ಮುಗಿದೋಗಿದೆ. ಮತ್ತೆ ಗೋಡೆ ಒಡೆಸ್ಬೇಕಾ?
— ಓದುಗರು, ಹಾಸನ

ಉತ್ತರ: ಬೇಡ ಬೇಡ. ಗೋಡೆ ಮತ್ತು ಸೀಲಿಂಗ್ ಸೇರೋ ಮೂಲೇಲಿ ಪಿವಿಸಿ ಕೇಸಿಂಗ್ ಪಟ್ಟಿ ಓಡ್ಸಿ, ಗೋಡೆ ಬಣ್ಣನೇ ಬಳಿದ್ರೆ ಎರಡೇ ದಿನಕ್ಕೆ ಕಣ್ಣಿಗೆ ಬೀಳಲ್ಲ. ಫಾಲ್ಸ್ ಸೀಲಿಂಗ್ ಇನ್ನೂ ಹಾಕ್ಸಿಲ್ಲ ಅಂದ್ರೆ ಅದೃಷ್ಟವಂತರು, ಅರ್ಧ ಕೆಲಸ ಅದರೊಳಗೇ ಮುಗಿಯುತ್ತೆ. ಸಬ್‌ವೂಫರ್ ವೈರ್‌ಲೆಸ್ ತಗೊಳಿ, ಆದ್ರೆ ಅದಕ್ಕೂ ಕರೆಂಟ್ ಪಾಯಿಂಟ್ ಬೇಕೇ ಬೇಕು, ಅಂಗಡಿಯವ್ರು ವೈರ್‌ಲೆಸ್ ಅಂದಾಗ ಅದೊಂದು ಹೇಳಲ್ಲ.